ಆಯಿಲ್ ಫ್ರೀ ಕಂಪ್ರೆಸರ್‌ಗೆ ಎಣ್ಣೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಲೇಬಾರದು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಪಾಲಿಶ್ ಹೊಡೆಯುವವರು, ಹಲ್ಲಿನ ಕ್ಲಿನಿಕ್ಕಿನವರು, ಮಂಡ್ಯ ಮದ್ದೂರು ಕಡೆಯ ಪಂಕ್ಚರ್ ಅಂಗಡಿಯವರು, ನೈಲ್ ಗನ್ ಹಿಡಿದು ಮನೆಮನೆಗೆ ಹೋಗುವ ಇಂಟೀರಿಯರ್ ಕೆಲಸದವರು ಎಲ್ಲರ ಹತ್ತಿರವೂ ಈಗ 24 ಇಲ್ಲವೇ 50 ಲೀಟರಿನ ಸಣ್ಣ ಆಯಿಲ್ ಫ್ರೀ ಕಂಪ್ರೆಸರ್ ಇದೆ. ಅದು ಸದ್ದು ಜಾಸ್ತಿ ಮಾಡಿದ ಕೂಡಲೇ ನಮ್ಮ ಕೈ ಎಣ್ಣೆ ಕ್ಯಾನಿನ ಕಡೆ ಹೋಗುತ್ತದೆ. ಫಿಲ್ಟರ್ ಬಿಚ್ಚಿ, ಗಾಳಿ ಎಳೆಯುವ ತೂತಿಗೆ ನಾಲ್ಕು ಹನಿ ಹೊಲಿಗೆ ಮಷೀನ್ ಎಣ್ಣೆ ಬಿಡುತ್ತೇವೆ. ಒಂದೆರಡು ದಿನ ಸದ್ದು ಇಳಿದಂತೆಯೇ ಇರುತ್ತದೆ. ಆಮೇಲೆ ಟ್ಯಾಂಕು ತುಂಬುವುದೇ ನಿಧಾನವಾಗುತ್ತದೆ. ಈ ಮಷೀನುಗಳ ಹೆಡ್, ಅಂದರೆ ಗಾಳಿ ಒತ್ತುವ ಪಂಪಿನ ತಲೆ, ಕೆಡುವುದಕ್ಕೆ ಇಷ್ಟು ಸಾಮಾನ್ಯವಾದ, ಇಷ್ಟು ಸುಲಭವಾಗಿ ತಪ್ಪಿಸಬಹುದಾದ ಕಾರಣ ಬೇರೆ ಇಲ್ಲ.

ಮೊದಲು ನಿಮ್ಮದು ಆಯಿಲ್ ಫ್ರೀ ಹೌದೋ ಅಲ್ಲವೋ ನೋಡಿಕೊಳ್ಳಿ. ಪಂಪಿನ ಬುಡದಲ್ಲಿ ಕೆಂಪು ಚುಕ್ಕಿಯ ದುಂಡು ಗಾಜೋ, ಎಣ್ಣೆಯ ಮಟ್ಟ ನೋಡುವ ಕಡ್ಡಿಯೋ ಇದ್ದರೆ ಅದು ಎಣ್ಣೆಯ ಕಂಪ್ರೆಸರ್. ಅದನ್ನು ಎಣ್ಣೆ ಇಲ್ಲದೆ ಓಡಿಸಿದರೆ ಸೀಜ್ ಆಗುತ್ತದೆ. ಅದರ ಕ್ರಮವೇ ಬೇರೆ, ಈ ಲೇಖನ ಅದಕ್ಕಲ್ಲ.

ಒಳಗೆ ಏನು ನಡೆಯುತ್ತದೆ

ಹೆಡ್ ಬಿಚ್ಚಿದರೆ ಕಾಣುವುದು ನುಣುಪಾದ ಅಲ್ಯೂಮಿನಿಯಂ ಸ್ಲೀವ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಅದರ ಒಳಮೈಗೆ ಆನೊಡೈಸಿಂಗ್ ಎಂಬ ಗಟ್ಟಿ ಪದರ ಕಟ್ಟಿಸಿರುತ್ತಾರೆ. ಬೈಕಿನ ಇಂಜಿನ್ನಿನಲ್ಲಿ ಇರುವಂಥ ಪಿಸ್ಟನ್ ಪಿನ್ನು ಇಲ್ಲಿಲ್ಲ. ಕನೆಕ್ಟಿಂಗ್ ರಾಡ್ ಮತ್ತು ಪಿಸ್ಟನ್ನಿನ ತಲೆ ಎರಡೂ ಒಂದೇ ತುಂಡು. ಹಾಗಾಗಿ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ತೊಟ್ಟಿಲಿನ ಹಾಗೆ ಅತ್ತ ಇತ್ತ ವಾಲುತ್ತದೆ. ಆ ವಾಲಾಟದಲ್ಲೂ ಗಾಳಿ ಸೋರದ ಹಾಗೆ ತಡೆಯುವುದು ಪಿಸ್ಟನ್ನಿನ ತಲೆಗೆ ಸ್ಕ್ರೂ ಹಾಕಿ ಕೂರಿಸಿದ ಒಂದು ತೆಳು ಬಟ್ಟಲು. ಅಂಗಡಿಯಲ್ಲಿ ಅದನ್ನು ‘ಕಪ್’ ಎನ್ನುತ್ತಾರೆ. ಕಾರ್ಬನ್ ಅಥವಾ ಕಂಚಿನ ಪುಡಿ ಬೆರೆಸಿದ ಟೆಫ್ಲಾನಿನದು. ಹೆಚ್ಚು ಕಡಿಮೆ ಒಂದು ಮಿ.ಮೀ. ದಪ್ಪ.

ಈ ಕಪ್ ಸ್ಲೀವಿಗೆ ಉಜ್ಜುತ್ತಾ ತನ್ನದೇ ಟೆಫ್ಲಾನನ್ನು ಸ್ಲೀವಿನ ಗೋಡೆಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಸವರುತ್ತದೆ. ಆಮೇಲೆ ಟೆಫ್ಲಾನಿನ ಮೇಲೆ ಟೆಫ್ಲಾನು ಜಾರುತ್ತದೆ. ಈ ಮಷೀನಿನ ಲೂಬ್ರಿಕೇಶನ್ ಅದೇ. ಎಣ್ಣೆ ಬಿದ್ದರೆ ಆ ಪದರ ಕೂರುವುದಿಲ್ಲ. ಫಿಲ್ಟರ್ ದಾಟಿ ಬಂದ ಧೂಳು ಎಣ್ಣೆಗೆ ಅಂಟಿ ಮರಳು ಕಾಗದದಂಥ ಕಪ್ಪು ಅಂಟಾಗುತ್ತದೆ, ಕಪ್ ಮತ್ತು ಸ್ಲೀವ್ ಎರಡನ್ನೂ ಒಟ್ಟಿಗೆ ತಿನ್ನುತ್ತದೆ. ಉಳಿದ ಎಣ್ಣೆ ಮೇಲೆ ಹೋಗಿ ಬಿಸಿ ವಾಲ್ವ್ ಪ್ಲೇಟಿನ ಮೇಲೆ ಸುಟ್ಟು ಕರಿ ಕಟ್ಟುತ್ತದೆ. ವಾಲ್ವ್ ಅಂದರೆ ಬ್ಲೇಡಿನಷ್ಟು ತೆಳುವಾದ ಸ್ಟೀಲಿನ ನಾಲಿಗೆ. ಅದರಡಿ ಒಂದು ಚೂರು ಕರಿ ಕೂತರೂ ಅದು ಪೂರ್ತಿ ಮುಚ್ಚುವುದಿಲ್ಲ.

ಬೇರಿಂಗುಗಳಿಗೂ ಎಣ್ಣೆ ಬೇಡ. ಅವು ಎರಡೂ ಕಡೆ ಸೀಲ್ ಇರುವ, ಗ್ರೀಸ್ ತುಂಬಿ ಬಂದ ಬೇರಿಂಗುಗಳು. ಸೀಲ್ ಎಬ್ಬಿಸಿ ಗ್ರೀಸ್ ತುರುಕುವುದಕ್ಕಿಂತ, ಗೊರಗೊರ ಎಂದಾಗ ಮೇಲಿರುವ ನಂಬರ್ ನೋಡಿ ಅದೇ ನಂಬರಿನ ಹೊಸದು ಹಾಕುವುದು ಲೇಸು. ತುಕ್ಕು ಬಿಡಿಸುವ ಸ್ಪ್ರೇಯನ್ನಂತೂ ಆ ಕಡೆ ಹೊಡೆಯಬೇಡಿ. ಅದು ಒಳಗಿನ ಗ್ರೀಸನ್ನೇ ತೊಳೆದುಬಿಡುತ್ತದೆ.

ದಿನಾ ಸಂಜೆ: ನೀರು ಬಿಡುವುದು

ಎಣ್ಣೆಯ ಬದಲು ನಿಮ್ಮ ಕಾಳಜಿಯೆಲ್ಲ ನೀರಿನ ಮೇಲೆ ಇರಲಿ. ಮಳೆಗಾಲದಲ್ಲಿ 25 ಡಿಗ್ರಿ ಬಿಸಿಯ ಒದ್ದೆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. 24 ಲೀಟರಿನ ಖಾಲಿ ಟ್ಯಾಂಕನ್ನು 8 ಬಾರ್ (ಗಾಳಿಯ ಒತ್ತಡದ ಅಳತೆ) ತನಕ ತುಂಬಿಸಲು ಹೊರಗಿನ ಗಾಳಿ ಹತ್ತಿರ ಹತ್ತಿರ 200 ಲೀಟರ್ ಬೇಕು. ಅಂದರೆ ಅದರೊಡನೆ 4 ಗ್ರಾಂ ನೀರಾವಿ ಒಳಗೆ ಹೋಯಿತು. ಟ್ಯಾಂಕು ತಣ್ಣಗಾದ ಮೇಲೆ ಅದರಲ್ಲಿ ಅರ್ಧ ಗ್ರಾಮಿನಷ್ಟು ಮಾತ್ರ ಆವಿಯಾಗಿ ಉಳಿದೀತು, ಮಿಕ್ಕದ್ದು ನೀರಾಗಿ ಬುಡಕ್ಕೆ ಇಳಿಯುತ್ತದೆ. ದಿನಕ್ಕೆ ಇಪ್ಪತ್ತು ಟ್ಯಾಂಕಿನಷ್ಟು ಗಾಳಿ ಬಳಸುವ ಪೇಂಟರ್ ಒಬ್ಬರ ಮಷೀನಿನಲ್ಲಿ ಸಂಜೆಗೆ ಒಂದು ಬೈಟು ಕಾಫಿಯಷ್ಟು ನೀರು ಸೇರುತ್ತದೆ, ಅದರಲ್ಲಿ ಒಂದಷ್ಟು ಗನ್ನಿನ ಮೂಲಕ ಪಾಲಿಶ್ ಮೇಲೂ ಬೀಳುತ್ತದೆ. ನಾಲೆ ಬಯಲಿನ ಗದ್ದೆ ಪಕ್ಕದ ಊರುಗಳಲ್ಲಿ ಬೆಳಗಿನ ಇಬ್ಬನಿಯ ಹೊತ್ತು ಕೆಲಸ ಶುರು ಮಾಡುವವರು ಇದನ್ನು ಇನ್ನೂ ಗಮನಿಸಬೇಕು.

ಬಿಡುವ ಕ್ರಮ ಹೀಗೆ. ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಗಾಳಿಯನ್ನು 1ರಿಂದ 2 ಬಾರ್‌ಗೆ ಇಳಿಸಿ. ಡ್ರೈನ್ ಕಾಕ್ (ನೀರು ಬಿಡುವ ನಲ್ಲಿ) ಇರುವ ಕಡೆಗೆ ಟ್ಯಾಂಕನ್ನು ಸ್ವಲ್ಪ ವಾಲಿಸಿ, ಕಾಕನ್ನು ನಿಧಾನ ತೆರೆಯಿರಿ. 8 ಬಾರ್ ಇರುವಾಗ ಪೂರ್ತಿ ತೆರೆದರೆ ತುಕ್ಕಿನ ಹರಳು ಕಣ್ಣಿಗೆ ಹಾರುತ್ತದೆ. ಒಣ ಗಾಳಿ ಬರುವ ತನಕ ಬಿಟ್ಟು, ರಾತ್ರಿಯಿಡೀ ಕಾಕ್ ತೆರೆದೇ ಇಡಿ.

ಬಂದ ನೀರನ್ನು ಒಂದು ಬಿಳಿ ತಟ್ಟೆಯಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಸರಿ. ನಸು ಕೆಂಪಗಿದ್ದರೆ ತುಕ್ಕು ಶುರುವಾಗಿದೆ. ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ಯಾರೋ ಎಣ್ಣೆ ಹಾಕಿದ್ದಾರೆ ಎಂದೇ ಅರ್ಥ.

ಫಿಲ್ಟರ್ ಮತ್ತು ಇಡುವ ಜಾಗ

ಆಲೆಮನೆಯ ಹತ್ತಿರ ಹಾರುವ ರಚ್ಚಿನ (ಕಬ್ಬಿನ ಸಿಪ್ಪೆಯ) ಬೂದಿ, ಭತ್ತದ ಒಕ್ಕಣೆಯ ಧೂಳು, ಬೀಟೆ ಮರ ಉಜ್ಜಿದ ಹಿಟ್ಟಿನಂಥ ಪುಡಿ ಎಲ್ಲವೂ ಸಣ್ಣ ಫಿಲ್ಟರನ್ನು ಬೇಗ ಕಟ್ಟಿಸುತ್ತವೆ. ವಾರಕ್ಕೊಮ್ಮೆ ಬಿಚ್ಚಿ ನೋಡಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ಹಿಂಡಿ, ತೊಳೆದು, ಪೂರ್ತಿ ಒಣಗಿಸಿ ಹಾಕಿ. ಕಾಗದದ್ದೋ ಫೆಲ್ಟಿನದೋ ಆದರೆ ಮೆಲ್ಲಗೆ ತಟ್ಟಿ, ಕಪ್ಪಾದ ಮೇಲೆ ಬದಲಿಸಿ. ಬೈಕಿನ ಸ್ಪಂಜ್ ಫಿಲ್ಟರಿಗೆ ಎಣ್ಣೆ ಸವರುವ ರೂಢಿ ಇದೆಯಲ್ಲ, ಅದು ಇಲ್ಲಿ ಬೇಡ. ಫಿಲ್ಟರ್ ಇಲ್ಲದೆ ‘ಇವತ್ತೊಂದು ದಿನ’ ಎಂದು ಓಡಿಸುವುದೂ ಬೇಡ.

ಸ್ಪ್ರೇ ಮಾಡುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಪೇಂಟು ಹೊಡೆಯುವ ಕೋಣೆಯಲ್ಲೇ ಕಂಪ್ರೆಸರ್ ಇಟ್ಟರೆ ಪಾಲಿಶ್ ಮಂಜು ಒಳಗೆ ಹೋಗಿ ವಾಲ್ವಿನ ನಾಲಿಗೆಯನ್ನು ಅಂಟಿಸುತ್ತದೆ. ಅದಕ್ಕಿಂತ ದೊಡ್ಡದು ಬೆಂಕಿಯ ಭಯ: ಒತ್ತಡ ನೋಡಿ ಮೋಟಾರನ್ನು ತಾನೇ ಓಡಿಸಿ ನಿಲ್ಲಿಸುವ ಪ್ರೆಶರ್ ಸ್ವಿಚ್ ಬಿದ್ದಾಗಲೆಲ್ಲ ಒಳಗೆ ಕಿಡಿ ಬರುತ್ತದೆ, ಕೋಣೆಯಲ್ಲಿ ಥಿನ್ನರ್ ಆವಿ ತುಂಬಿರುತ್ತದೆ. ಕಂಪ್ರೆಸರನ್ನು ಹೊರಗಿಟ್ಟು ಗಾಳಿ ಪೈಪನ್ನು ಉದ್ದ ಮಾಡಿ.

ಸುತ್ತ ಒಂದು ಅಡಿಯಾದರೂ ಜಾಗ ಬಿಡಿ. ಕ್ಲಿನಿಕ್ಕುಗಳಲ್ಲಿ ಸದ್ದು ಕೇಳಬಾರದೆಂದು ಮೆಟ್ಟಿಲ ಕೆಳಗಿನ ಕಪಾಟಿಗೆ ಸೇರಿಸಿ ಬಾಗಿಲು ಹಾಕುತ್ತಾರೆ. ಫ್ಯಾನು ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತಾ ಕೂರುತ್ತದೆ. ಬಿಸಿ ಏರಿದಷ್ಟೂ ಕಪ್ ಬೇಗ ಸವೆಯುತ್ತದೆ. ಕಪಾಟೇ ಗತಿ ಎಂದಾದರೆ ಕೆಳಗೆ ಜಾಲರಿ, ಮೇಲೆ ಎಕ್ಸಾಸ್ಟ್ ಫ್ಯಾನು ಕೊಡಿ.

ಟ್ಯಾಂಕು ತುಂಬುವ ಸಮಯ ಬರೆದಿಡಿ

ಕಪ್ ಇಷ್ಟು ಗಂಟೆ ಬಾಳುತ್ತದೆ ಎಂಬ ಲೆಕ್ಕ ನಂಬಿಕೊಂಡು ಕೂರುವುದಕ್ಕಿಂತ ನಿಮ್ಮದೇ ಮಷೀನಿನ ನಾಡಿ ಹಿಡಿಯುವುದು ಒಳ್ಳೆಯದು. ಟ್ಯಾಂಕು ಪೂರ್ತಿ ಖಾಲಿ ಮಾಡಿ, ಹೊರಗಿನ ಕಾಕ್‌ಗಳನ್ನೆಲ್ಲ ಮುಚ್ಚಿ, ಸ್ವಿಚ್ ಹಾಕಿದಾಗಿನಿಂದ ತಾನೇ ಕಟಾಫ್ ಆಗುವ ತನಕ ಮೊಬೈಲಿನಲ್ಲಿ ಸಮಯ ನೋಡಿ. ಹೊಸತರಲ್ಲಿ ಎಷ್ಟು ಬಂತೋ ಅದನ್ನು ತಾರೀಖಿನೊಂದಿಗೆ ಮಾರ್ಕರ್‌ನಲ್ಲಿ ಟ್ಯಾಂಕಿನ ಮೇಲೆ ಬರೆಯಿರಿ. 750 ವಾಟ್, 24 ಲೀಟರಿನ ಮಷೀನಾದರೆ ಮೂರು ನಿಮಿಷದ ಆಸುಪಾಸು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಗಿಂತ ಶೇ. 8ರಷ್ಟು ತೆಳು. ಡಬ್ಬದ ಮೇಲಿನ ಲೆಕ್ಕಕ್ಕಿಂತ ಒಂದಿಷ್ಟು ಸೆಕೆಂಡ್ ಜಾಸ್ತಿ ಹಿಡಿದರೆ ಗಾಬರಿ ಬೇಡ.

ತಿಂಗಳಿಗೊಮ್ಮೆ ಇದನ್ನೇ ಮಾಡಿ. ಮೂರು ನಿಮಿಷ ಇದ್ದದ್ದು ನಾಲ್ಕಾದರೆ ಹೆಡ್ ಬಿಚ್ಚುವ ಕಾಲ ಬಂದಿದೆ. ಆದರೆ ಅದಕ್ಕೆ ಮುಂಚೆ ಫಿಲ್ಟರ್ ತೆಗೆದು ಒಮ್ಮೆ ಅಳೆಯಿರಿ, ಈ ಒಂದು ಪರೀಕ್ಷೆಗೆ ಮಾತ್ರ. ಸಮಯ ಮೊದಲಿನಷ್ಟೇ ಬಂದರೆ ತಪ್ಪು ಫಿಲ್ಟರಿನದು. ಆಮೇಲೆ ಲೀಕು ನೋಡಿ.

ಲೀಕು ಎಲ್ಲಿ

8 ಬಾರ್ ತುಂಬಿಸಿ ಆಫ್ ಮಾಡಿ. ಹತ್ತು ನಿಮಿಷ ಸುಮ್ಮನೆ ಬಿಡಿ. ಬಿಸಿ ಗಾಳಿ ತಣಿಯುವಾಗ ಮುಳ್ಳು ತಾನಾಗಿಯೇ ಒಂದಿಷ್ಟು ಇಳಿಯುತ್ತದೆ, ಅದು ಲೀಕಲ್ಲ. ಆಮೇಲೆ ಮುಳ್ಳು ಎಲ್ಲಿದೆ ಎಂದು ಗುರುತು ಮಾಡಿ. ಅರ್ಧ ಗಂಟೆಯಲ್ಲಿ ಅರ್ಧ ಬಾರ್‌ಗಿಂತ ಹೆಚ್ಚು ಇಳಿದರೆ ಸೋಪಿನ ನೊರೆಯನ್ನು ಬ್ರಶ್ಶಿನಲ್ಲಿ ಪ್ರತಿ ಜಾಯಿಂಟಿಗೂ ಹಚ್ಚಿ. ಗೇಜಿನ ಬುಡ, ಪೈಪು ಸಿಕ್ಕಿಸುವ ಕಪ್ಲರ್, ಡ್ರೈನ್ ಕಾಕ್ ಇವು ಮಾಮೂಲಿ ಜಾಗಗಳು. ಗಾಳಿ ಖಾಲಿ ಮಾಡಿದ ಮೇಲೆ ಬಿಚ್ಚಿ, ಟೆಫ್ಲಾನ್ ಟೇಪನ್ನು ಮರೆ (ಥ್ರೆಡ್) ತಿರುಗುವ ದಿಕ್ಕಿಗೇ ಮೂರು ನಾಲ್ಕು ಸುತ್ತು ಸುತ್ತಿ, ಮೊದಲ ಮರೆಯನ್ನು ಬರಿದಾಗಿ ಬಿಡಿ. ಹೆಡ್‌ನಿಂದ ಟ್ಯಾಂಕಿಗೆ ಬರುವ ಕೊಳವೆಯ ನಟ್ಟನ್ನು ಎರಡು ಸ್ಪ್ಯಾನರ್ ಹಿಡಿದು ಬಿಗಿಯಿರಿ. ಒಂದರಲ್ಲೇ ತಿರುಗಿಸಿದರೆ ಕೊಳವೆ ತಿರುಚಿಕೊಂಡು ಸೀಳುತ್ತದೆ.

ಕಟಾಫ್ ಆದಾಗ ಪ್ರೆಶರ್ ಸ್ವಿಚ್ಚಿನ ಕೆಳಗಿನಿಂದ ಒಂದೆರಡು ಸೆಕೆಂಡ್ ‘ಟುಸ್’ ಎಂದು ಬರುವ ಗಾಳಿ ಸಹಜ. ಮೋಟಾರು ಮತ್ತೆ ಹೊರಡುವಾಗ ಭಾರ ಬೀಳದಿರಲೆಂದು ಹೆಡ್‌ನಲ್ಲಿ ಉಳಿದ ಗಾಳಿಯನ್ನು ಅದು ಬಿಡುತ್ತದೆ. ಆ ಸದ್ದು ನಿಲ್ಲದೆ ಬರುತ್ತಲೇ ಇದ್ದರೆ ಸ್ವಿಚ್ಚನ್ನು ಬೈಯಬೇಡಿ. ತಪ್ಪು ಹೆಡ್‌ನ ಕೊಳವೆ ಟ್ಯಾಂಕಿಗೆ ಸೇರುವಲ್ಲಿರುವ ನಾನ್ ರಿಟರ್ನ್ ವಾಲ್ವಿನದು. ಟ್ಯಾಂಕಿನ ಗಾಳಿ ಅದರ ಮೂಲಕ ಹಿಂದಕ್ಕೆ ಬರುತ್ತಿದೆ. ಟ್ಯಾಂಕು ಪೂರ್ತಿ ಖಾಲಿ ಮಾಡಿ ಅದರ ಹಿತ್ತಾಳೆ ಮುಚ್ಚಳ ಬಿಚ್ಚಿದರೆ ಸ್ಪ್ರಿಂಗು, ಅದರಡಿ ಒಂದು ಸಣ್ಣ ರಬ್ಬರ್ ಅಥವಾ ಟೆಫ್ಲಾನ್ ಬಿಲ್ಲೆ ಸಿಗುತ್ತದೆ. ಕೂರುವ ಜಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ, ಬಿಲ್ಲೆಯಲ್ಲಿ ಉಂಗುರದಂತೆ ಆಳ ಗೆರೆ ಬಿದ್ದಿದ್ದರೆ ಬದಲಿಸಿ. ಮುಚ್ಚಳದ ಓ ರಿಂಗಿಗೆ ಸಿಲಿಕಾನ್ ಗ್ರೀಸನ್ನು ಬೆರಳ ತುದಿಯಲ್ಲಿ ಹೊಳಪು ಬರುವಷ್ಟು ಮಾತ್ರ ಸವರಿ. ಈ ಮಷೀನಿನಲ್ಲಿ ಗ್ರೀಸ್ ಹಾಕಬಹುದಾದ ಜಾಗ ಅಂಥ ಓ ರಿಂಗುಗಳು, ಮತ್ತೆ ಚಕ್ರದ ಅಚ್ಚು. ಅಷ್ಟೇ.

ಮೋಟಾರು ಓಡುತ್ತಿರುವಾಗಲೇ ಸ್ವಿಚ್ಚಿನಡಿ ಗಾಳಿ ಸೋರಿದರೆ ಮಾತ್ರ ಆ ‘ಟುಸ್’ ಗಾಳಿ ಬಿಡುವ ಅನ್‌ಲೋಡರ್ ಪಿನ್ನು ಕೂರುತ್ತಿಲ್ಲ ಎಂದು ತಿಳಿಯಿರಿ.

ಕಪ್ ಬದಲಿಸುವುದು

ಬೇಕಾದದ್ದು: ಅಲೆನ್ ಕೀ ಸೆಟ್, ಸ್ಟಾರ್ ಸ್ಕ್ರೂಡ್ರೈವರ್, ಹತ್ತಿ ಬಟ್ಟೆ, ಐಸೋಪ್ರೊಪೈಲ್ ಆಲ್ಕೋಹಾಲ್, ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು), ಹೊಸ ಕಪ್, ಹೆಡ್ ಗ್ಯಾಸ್ಕೆಟ್ ಅಥವಾ ಓ ರಿಂಗ್. ಎರಡು ಹೆಡ್ ಇದ್ದರೆ ಎರಡಕ್ಕೂ ಒಟ್ಟಿಗೆ ಹಾಕಿ, ಒಂದು ಸವೆದಾಗ ಇನ್ನೊಂದು ಬಹಳ ಹಿಂದೆ ಇರುವುದಿಲ್ಲ.

1. ಪ್ಲಗ್ ತೆಗೆಯಿರಿ, ಟ್ಯಾಂಕಿನ ಗಾಳಿ ಸೊನ್ನೆಗೆ ಇಳಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಡಿ. ಓಡಿ ನಿಂತ ಹೆಡ್ ಕೈ ಸುಡುತ್ತದೆ.

2. ಕೊಳವೆ ಬಿಡಿಸಿ, ಹೆಡ್ಡಿನ ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಸಡಿಲಿಸಿ. ಹೆಡ್, ವಾಲ್ವ್ ಪ್ಲೇಟ್, ಸ್ಲೀವ್ ಹೇಗೆ ಕೂತಿವೆ ಎಂದು ಎತ್ತುವ ಮುಂಚೆಯೇ ಫೋಟೊ ತೆಗೆಯಿರಿ. ಪ್ಲೇಟು ತಿರುವುಮುರುವಾದರೆ ಗಾಳಿಯೇ ಬರುವುದಿಲ್ಲ.

3. ಸ್ಲೀವನ್ನು ಮೇಲಕ್ಕೆ ಎಳೆಯಿರಿ. ಒಳಗೆ ಕಪ್ಪು ಒಣ ಪುಡಿ ಇದ್ದರೆ ಅದು ಟೆಫ್ಲಾನ್ ಕಪ್ ಸವೆದ ಪುಡಿ, ಸಹಜ. ಒಣ ಬಟ್ಟೆಯಲ್ಲಿ ಒರೆಸಿ. ಅಂಟಂಟಾಗಿದ್ದರೆ ಎಣ್ಣೆ ಬಿದ್ದಿದೆ. ಆಗ ಆಲ್ಕೋಹಾಲ್ ಹಾಕಿ ಬಟ್ಟೆ ಬೆಳ್ಳಗೇ ಬರುವ ತನಕ ಒರೆಸಬೇಕು. ಪೆಟ್ರೋಲ್, ಥಿನ್ನರ್ ಬೇಡ, ರಬ್ಬರ್ ಉಬ್ಬುತ್ತದೆ.

4. ಸ್ಲೀವಿನ ಒಳಮೈ ಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಗೆರೆಗೆ ಉಗುರು ತಡೆದರೆ ಸ್ಲೀವನ್ನೂ ಬದಲಿಸಿ. ಮರಳು ಕಾಗದ ಹಿಡಿದು ಉಜ್ಜಿದರೆ ಆನೊಡೈಸಿಂಗ್ ಹೋಗುತ್ತದೆ, ಕೆಳಗಿನ ಮೆತ್ತನೆ ಅಲ್ಯೂಮಿನಿಯಂ ಹೊಸ ಕಪ್ಪನ್ನು ಬೇಗ ಮುಗಿಸುತ್ತದೆ.

5. ಪಿಸ್ಟನ್ನಿನ ತಲೆಯ ಸ್ಕ್ರೂ ಬಿಚ್ಚಿ ಹಳೆಯ ಕಪ್ ತೆಗೆಯಿರಿ. ಅಂಚನ್ನು ಹೊಸದರ ಪಕ್ಕ ಹಿಡಿದು ನೋಡಿ. ಸವೆದ ಅಂಚು ಒಂದು ಕಡೆ ಕಾಗದದಷ್ಟು ತೆಳುವಾಗಿ, ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಹಾಗೇ ರಾಡನ್ನು ಹಿಡಿದು ಅಲ್ಲಾಡಿಸಿ; ಬೇರಿಂಗಿನಲ್ಲಿ ಟಕ್ ಟಕ್ ಎಂದರೆ ಅದರ ಕೆಲಸವೂ ಈಗಲೇ ಆಗಲಿ. ಬರೀ ಕಪ್ ಹಾಕಿದರೆ ವಾಲಾಟ ಹೆಚ್ಚಾಗಿ ಅದು ಒಂದೇ ಕಡೆ ಸವೆಯುತ್ತದೆ.

6. ಹೊಸ ಕಪ್ಪಿನ ಅಂಚು ಮೇಲಕ್ಕೆ, ಅಂದರೆ ಹೆಡ್ ಕಡೆಗೆ ಇರಬೇಕು. ಗಾಳಿಯ ಒತ್ತಡ ಅಂಚನ್ನು ಗೋಡೆಗೆ ಒತ್ತಿ ಹಿಡಿಯುವುದು ಆಗಲೇ. ಕೆಲವು ಕಪ್ಪುಗಳು ಚಪ್ಪಟೆ ಬಿಲ್ಲೆಯಾಗಿಯೇ ಬರುತ್ತವೆ. ಅವನ್ನು ಕೂರಿಸಿ ಸ್ಕ್ರೂ ಅರೆಬಿಗಿ ಮಾಡಿ, ಮೇಲಿನಿಂದ ಸ್ಲೀವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಇಳಿಸಿದರೆ ಅಂಚು ತಾನೇ ಮೇಲಕ್ಕೆ ಮಡಚಿಕೊಳ್ಳುತ್ತದೆ. ಸುತ್ತಲೂ ಸಮ ಬಂದ ಮೇಲೆ ಸ್ಕ್ರೂವಿಗೆ ಒಂದು ಹನಿ ಥ್ರೆಡ್ ಲಾಕರ್ ಹಾಕಿ ಪೂರ್ತಿ ಬಿಗಿಯಿರಿ. ಕಪ್ಪಿಗೆ ಎಣ್ಣೆ, ಗ್ರೀಸ್, ಕೊನೆಗೆ ಎಂಜಲೂ ತಾಗಬಾರದು. ಒಣಗಿಯೇ ಹೋಗಬೇಕು.

7. ವಾಲ್ವ್ ನಾಲಿಗೆಗಳನ್ನು ಆಲ್ಕೋಹಾಲಿನಲ್ಲಿ ಒರೆಸಿ, ಬೆಳಕಿಗೆ ಹಿಡಿಯಿರಿ. ನಾಲಿಗೆಯಡಿ ಬೆಳಕು ಕಂಡರೆ ಅದು ಬಾಗಿದೆ. ಬಗ್ಗಿಸಿ ಸರಿ ಮಾಡಲು ಹೋಗದೆ ಹೊಸದು ಹಾಕಿ.

8. ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟುಗಳನ್ನು ಕೈಯಲ್ಲೇ ಪೂರ್ತಿ ಕೂರಿಸಿ, ಆಮೇಲೆ ಅಡ್ಡಡ್ಡ ಕ್ರಮದಲ್ಲಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಮಿ.ಮೀ. ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ ಮಾಮೂಲಿ ಅಲೆನ್ ಕೀಯನ್ನು ಎರಡೇ ಬೆರಳಲ್ಲಿ ಗಟ್ಟಿಯಾಗಿ ಎಳೆದಷ್ಟು. ಪೈಪು ತೂರಿಸಿ ಎಳೆದರೆ ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ.

9. ಫ್ಯಾನನ್ನು ಕೈಯಲ್ಲಿ ಎರಡು ಮೂರು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ. ಕಾಕ್ ತೆರೆದಿಟ್ಟು 15 ನಿಮಿಷ ಓಡಿಸಿ. ಹೊಸ ಕಪ್ ಟೆಫ್ಲಾನ್ ಪದರ ಹಾಸಿಕೊಳ್ಳುವುದು ಆಗ. ಆಮೇಲೆ ತುಂಬುವ ಸಮಯ ಅಳೆದು ಹೊಸ ತಾರೀಖಿನೊಂದಿಗೆ ಬರೆಯಿರಿ.

ಮೋಟಾರು ಗುಂಯ್‌ಗುಟ್ಟಿ ನಿಂತರೆ

ಸಂಜೆ ಹೊತ್ತು ವೋಲ್ಟೇಜ್ 200ಕ್ಕಿಂತ ಕೆಳಗಿಳಿಯುವ ಊರುಗಳಲ್ಲಿ ಇದು ದಿನನಿತ್ಯದ ಗೋಳು. ಉದ್ದನೆಯ ತೆಳು ಎಕ್ಸ್‌ಟೆನ್ಶನ್ ವೈರು ಇದ್ದರೆ ಇನ್ನೂ ಕಷ್ಟ. ವೈರು 2.5 ಚದರ ಮಿ.ಮೀ. ಇರಲಿ, ಗಿಡ್ಡವಿರಲಿ, ಉದ್ದ ಬೇಕಾದರೆ ಗಾಳಿ ಪೈಪನ್ನು ಉದ್ದ ಮಾಡಿ. ವೋಲ್ಟೇಜ್ ಸರಿಯಿದ್ದು, ಟ್ಯಾಂಕು ಖಾಲಿಯಿದ್ದೂ ಗುಂಯ್ ಎನ್ನುತ್ತಾ ತಿರುಗದಿದ್ದರೆ ಮೊದಲ ಅನುಮಾನ ಮೋಟಾರು ಹೊರಡಲು ನೆರವಾಗುವ ಕೆಪಾಸಿಟರ್ ಮೇಲೆ. ಬದಲಿಸುವಾಗ ಮೈಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್‌ನದು, 450 ವೋಲ್ಟಿನದು ಹಾಕಿ. ದೊಡ್ಡದು ಹಾಕಿದರೆ ಜೋರು ಬರುತ್ತದೆಂಬುದು ಸುಳ್ಳು, ವೈಂಡಿಂಗ್ ಸುಡುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಉಳಿದಿರಬಹುದು, ಮುಟ್ಟುವ ಮುಂಚೆ ರೆಸಿಸ್ಟರ್ ಹಿಡಿದು ಇಳಿಸಿ. ಪ್ರೆಶರ್ ಸ್ವಿಚ್ಚಿನ ಮುಚ್ಚಳವನ್ನೂ ಬಿಚ್ಚಿ ನೋಡಿ. ಇರುವೆ ಗೂಡು, ಕಾಂಟ್ಯಾಕ್ಟಿನ ನಡುವೆ ಸಿಕ್ಕ ಹಲ್ಲಿ, ಇವು ನಮ್ಮ ಕಡೆ ಅಪರೂಪವಲ್ಲ.

ಬಿಸಿಯಾಗಿ ತಾನೇ ನಿಂತರೆ ಅರ್ಧ ಗಂಟೆ ಬಿಡಿ. ಇವು ಎಡೆಬಿಡದೆ ಓಡುವ ಮಷೀನುಗಳಲ್ಲ. ಹತ್ತು ನಿಮಿಷ ಓಡಿದರೆ ಹತ್ತು ನಿಮಿಷ ಬಿಡುವು ಎಂಬ ಲೆಕ್ಕದಲ್ಲಿ ಕೆಲಸ ಇಟ್ಟುಕೊಳ್ಳಿ.

ಎಣ್ಣೆ ಬೇಕಾದದ್ದು ಟೂಲಿಗೆ

ನೈಲ್ ಗನ್, ಇಂಪ್ಯಾಕ್ಟ್ ರೆಂಚ್ ಇವಕ್ಕೆ ಎಣ್ಣೆ ಬೇಕೇಬೇಕು. ಬೆಳಿಗ್ಗೆ ಟೂಲಿನ ಗಾಳಿ ಬಾಯಿಗೆ 2–3 ಹನಿ ಏರ್ ಟೂಲ್ ಆಯಿಲ್ ಬಿಟ್ಟು, ಪೈಪು ಸಿಕ್ಕಿಸಿ. ದಿನವಿಡೀ ಕೆಲಸವಿದ್ದರೆ ಮಧ್ಯಾಹ್ನ ಮತ್ತೊಮ್ಮೆ. ಇಂಜಿನ್ ಆಯಿಲ್ ಮಂದ, ಒಳಗಿನ ರಬ್ಬರಿಗೂ ಹಿತವಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಬೆಳಗಿನಲ್ಲಿ ಗನ್ನಿನೊಳಗೆ ಬೆಣ್ಣೆಯ ಹಾಗೆ ಕೂತು ಮೊಳೆ ಅರ್ಧಕ್ಕೇ ನಿಲ್ಲುತ್ತದೆ.

ಎಣ್ಣೆ ಹಾಕುವ ಟೂಲಿನ ಪೈಪು ಬೇರೆ, ಸ್ಪ್ರೇ ಗನ್ನಿನ ಪೈಪು ಬೇರೆ ಇರಬೇಕು, ಬಣ್ಣದ ಟೇಪು ಸುತ್ತಿ ಗುರುತು ಮಾಡಿ. ಎಣ್ಣೆಯ ಪೈಪಿನಲ್ಲಿ ಪಾಲಿಶ್ ಹೊಡೆದರೆ ಮರದ ಮೇಲೆ ಮೀನಿನ ಕಣ್ಣಿನಂಥ ಗುಳಿಗಳೇಳುತ್ತವೆ, ಉಜ್ಜಿ ಮತ್ತೆ ಮೊದಲಿನಿಂದ ಮಾಡಬೇಕು. ಹಲ್ಲಿನ ಕ್ಲಿನಿಕ್ಕಿನ ಲೈನಿಗಂತೂ ಎಣ್ಣೆಯ ಲೂಬ್ರಿಕೇಟರ್ ಜೋಡಿಸಲೇಬಾರದು.

ಟ್ಯಾಂಕು

ಸೇಫ್ಟಿ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು ಗಾಳಿ ಬರುತ್ತದೆಯೇ, ಬಿಟ್ಟರೆ ಮುಚ್ಚುತ್ತದೆಯೇ ನೋಡಿ. ಕಣ್ಣಿಗೆ ಕನ್ನಡಕ ಇರಲಿ. ಅದು ಸೋರುತ್ತಿದ್ದರೆ ಬದಲಿಸಬೇಕು, ಬೋಲ್ಟು ಹಾಕಿ ಮುಚ್ಚುವುದು ಪ್ರಾಣಕ್ಕೆ ಕುತ್ತು. ಪ್ರೆಶರ್ ಸ್ವಿಚ್ಚಿನ ಸ್ಪ್ರಿಂಗ್ ಬಿಗಿದು 8 ಬಾರ್ ಮೀರಿಸುವುದೂ ಅಷ್ಟೇ. ಟ್ಯಾಂಕಿನ ಬುಡದಲ್ಲಿ ಬಣ್ಣ ಉಬ್ಬಿ, ಸೂಜಿಮೊನೆಯಷ್ಟು ನೀರು ಜಿನುಗಿದರೆ ಆ ಟ್ಯಾಂಕಿನ ಕತೆ ಮುಗಿಯಿತು. ವೆಲ್ಡಿಂಗ್ ಮಾಡಿಸಬೇಡಿ: ತೂತಾದ ಜಾಗದ ಸುತ್ತಲೂ ತಗಡು ಒಳಗಿನಿಂದ ತೆಳುವಾಗಿರುತ್ತದೆ, ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಗುಜರಿಗೆ ಹಾಕುವ ಮುಂಚೆ ದೊಡ್ಡ ತೂತು ಕೊರೆದು ಕೊಡಿ, ಇನ್ನೊಬ್ಬರು ಮತ್ತೆ ಗಾಳಿ ತುಂಬದಿರಲಿ.

ಬಿಡಿಭಾಗ ತರಲು ಹೋಗುವಾಗ ಮಷೀನಿನ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನಲ್ಲಿ ಬೇರೆ ಬೇರೆ ಪಂಪುಗಳಿರುತ್ತವೆ. ಹಳೆಯ ಕಪ್ ಮತ್ತು ಸ್ಲೀವ್ ಎರಡನ್ನೂ ಕೊಂಡೊಯ್ದು ಸ್ಲೀವಿನ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಸಿ. 63.7 ಮಿ.ಮೀ. ಎಂಬ ಅಳತೆಗೆ 64ರದ್ದು ‘ನಡೆಯುತ್ತದೆ’ ಎಂದು ಕೊಟ್ಟರೆ ತರಬೇಡಿ, ಅಂಚು ಸುಕ್ಕಾಗಿ ಒಂದೇ ದಿನದಲ್ಲಿ ಬಿಸಿ ಹಿಡಿಯುತ್ತದೆ. ಕಪ್ ತರುವಾಗಲೇ ಗ್ಯಾಸ್ಕೆಟ್, ನಾನ್ ರಿಟರ್ನ್ ವಾಲ್ವಿನ ಬಿಲ್ಲೆ, ಒಂದು ಫಿಲ್ಟರ್ ಜೊತೆಗೆ ತಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಷೀನಿನ ಹತ್ತಿರವೇ ಇಡಿ, ಎಣ್ಣೆ ಕ್ಯಾನ್ ಮಾತ್ರ ನೈಲ್ ಗನ್ನಿನ ಪೆಟ್ಟಿಗೆಯಲ್ಲಿರಲಿ.